ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಹೊತ್ತು? ಮನೆಯಲ್ಲೇ ಕೂತು ಲೆಕ್ಕ ಹಾಕಿ

ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆ ಆರೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯಬಹುದು ಅಂದಾಗ ನಮ್ಮಮ್ಮ ನಂಬಲೇ ಇಲ್ಲ. "ನಾಲ್ಕೂವರೆ ಗಂಟೇಲಿ ನಾವು ಮೈಸೂರಿಂದ ಏರ್‌ಪೋರ್ಟ್ ಮುಟ್ಟೋದೇ ಕಷ್ಟ, ಅಮೆರಿಕ ಮುಟ್ತೀವಾ?" ಅಂದರು. ಅವರ ಅನುಮಾನ ಸರಿಯಾಗೇ ಇತ್ತು. ವಿಮಾನದೊಳಗೆ ಕೂರಬೇಕಾದದ್ದು ಹದಿನೇಳು ಗಂಟೆ. ಗಡಿಯಾರ ಮಾತ್ರ ನಾಲ್ಕೂವರೆ ಅನ್ನುತ್ತದೆ.

ಅಕ್ಕ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿದ್ದಾಳೆ. ಹಾಗಾಗಿ ಈ ಲೆಕ್ಕ ನನಗೆ ಅಭ್ಯಾಸವಾಗಿದೆ. ಮಗಳ ಬಾಣಂತನಕ್ಕೋ ಮೊಮ್ಮಗುವಿನ ಹುಟ್ಟುಹಬ್ಬಕ್ಕೋ ಹೊರಟ ನಮ್ಮ ಬೀದಿಯವರೂ ಬಂದು ಕೇಳುತ್ತಾರೆ. ಎಲ್ಲರೂ ಕೇಳುವುದು "ಎಷ್ಟು ಗಂಟೆ ಆಗುತ್ತೆ?" ಅಂತ. ನಾನು ತಿರುಗಿ ಕೇಳುವುದು "ಯಾವ ಗಂಟೆ?" ಅಂತ. ವಿಮಾನ ಗಾಳಿಯಲ್ಲಿರುವ ಗಂಟೆಯೋ, ಗಡಿಯಾರದ ಗಂಟೆಯೋ, ಈ ಮನೆ ಬಾಗಿಲಿಂದ ಆ ಮನೆ ಬಾಗಿಲಿಗೆ ಆಗುವ ಗಂಟೆಯೋ? ಮೂರೂ ಬೇರೆ ಬೇರೆ. ಟಿಕೆಟ್ ತೆಗೆಯುವಾಗ ಹೆಚ್ಚಿನವರು ಮೊದಲನೆಯದನ್ನು ನೋಡುತ್ತಾರೆ. ದಣಿವಾಗುವುದು ಮೂರನೆಯದರಿಂದ.

ಕೆಳಗಿರುವ ಲೆಕ್ಕವೆಲ್ಲ ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋಗೆ ಹಾಕಿದ್ದು. ಊರಿನ ಹೆಸರು ಬದಲಾಯಿಸಿಕೊಂಡರೆ ಲಂಡನ್‌ಗೂ ನಡೆಯುತ್ತದೆ, ಟೊರಾಂಟೋಗೂ ನಡೆಯುತ್ತದೆ.

ಮೊದಲ ಹೆಜ್ಜೆ: ಗೋಡೆಯ ನಕ್ಷೆ ಬಿಡಿ, ದಾರ ಹಿಡಿಯಿರಿ

ಗೋಡೆಯ ಮೇಲಿನ ಭೂಪಟದಲ್ಲಿ ಎರಡು ಊರಿನ ನಡುವೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದು ಹತ್ತಿರದ ದಾರಿ ಆಗುವುದಿಲ್ಲ. ಉರುಟಾದ ಭೂಮಿಯನ್ನು ಹಿಗ್ಗಿಸಿ ಚಪ್ಪಟೆ ಮಾಡಿದ್ದಾರೆ, ಅಲ್ವಾ? ಆ ಗೆರೆಯ ಪ್ರಕಾರ ಒಂದೇ ದಿಕ್ಕು ಹಿಡಿದು ಪೆಸಿಫಿಕ್ ಸಾಗರ ದಾಟಿ ಹೋದರೆ ಸುಮಾರು 16,100 ಕಿಲೋಮೀಟರ್ ಆಗುತ್ತದೆ. ನಿಜವಾದ ಹತ್ತಿರದ ದಾರಿ ಸುಮಾರು 13,990 ಕಿಲೋಮೀಟರ್. ಎರಡು ಸಾವಿರಕ್ಕೂ ಜಾಸ್ತಿ ವ್ಯತ್ಯಾಸ!

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ಹೊಲಿಗೆ ದಾರ ತನ್ನಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಹತ್ತುತ್ತದೆ! ತೆಲಂಗಾಣ, ಉತ್ತರಪ್ರದೇಶ, ನೇಪಾಳ, ಟಿಬೆಟ್, ಮಂಗೋಲಿಯಾದ ಆಸುಪಾಸು, ಸೈಬೀರಿಯಾ, ಆರ್ಕ್‌ಟಿಕ್ ಸಾಗರದ ಅಂಚು, ಅಲಾಸ್ಕಾ, ಆಮೇಲೆ ಕೆನಡಾದ ಪಶ್ಚಿಮ ಕರಾವಳಿಯ ಕಡೆಯಿಂದ ಕೆಳಗಿಳಿಯುತ್ತದೆ. ಗ್ಲೋಬ್ 30 ಸೆಂಟಿಮೀಟರ್ ಅಡ್ಡಗಲದ್ದಾದರೆ ದಾರದ ಒಂದು ಸೆಂಟಿಮೀಟರ್‌ಗೆ ಸುಮಾರು 425 ಕಿಲೋಮೀಟರ್ ಲೆಕ್ಕ. ದಾರ 33 ಸೆಂಟಿಮೀಟರ್ ಬರಬೇಕು. ಅಮ್ಮನಿಗೆ ನಂಬಿಕೆ ಬಂದಿದ್ದು ಈ ದಾರ ನೋಡಿದ ಮೇಲೆಯೇ.

ಎರಡನೇ ಹೆಜ್ಜೆ: ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ದೂರ

ದಾರದಿಂದ ಅಂದಾಜು ಸಿಗುತ್ತದೆ. ನಿಖರವಾಗಿ ಬೇಕಾದರೆ ಪಿಯುಸಿಯಲ್ಲಿ ಕಲಿತು ಮರೆತ ತ್ರಿಕೋನಮಿತಿ ಸಾಕು. ಗಣಿತ ಬೇಡ ಅನ್ನುವವರು ಸೀದಾ ಮೂರನೇ ಹೆಜ್ಜೆಗೆ ಹೋಗಿ, ಏನೂ ನಷ್ಟವಿಲ್ಲ.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ರೇಖಾಂಶ ಎರಡನ್ನೂ ಕೂಡಿ. 200.1 ಬರುತ್ತದೆ. ಇದು 180ಕ್ಕಿಂತ ಜಾಸ್ತಿ. ಅಂದರೆ ಭೂಮಿಯ ಇನ್ನೊಂದು ಕಡೆಯಿಂದ ಸುತ್ತುವುದೇ ಹತ್ತಿರ. 360ರಿಂದ ಕಳೆದರೆ 159.9. ಎರಡೂ ಊರು ಒಂದೇ ಕಡೆ ಇದ್ದರೆ, ಉದಾಹರಣೆಗೆ ಬೆಂಗಳೂರು ಮತ್ತು ಟೋಕಿಯೋ, ಕೂಡಬಾರದು, ಕಳೆಯಬೇಕು.

ಈಗ ಫೋನನ್ನು ಅಡ್ಡ ಹಿಡಿದು ಕ್ಯಾಲ್ಕುಲೇಟರ್ ತೆರೆಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಸೈನ್, ಕೋಸೈನ್ ಬಟನ್‌ಗಳು ಆಗ ಕಾಣಿಸುತ್ತವೆ. ಡಿಗ್ರಿ ಮೋಡ್‌ನಲ್ಲಿದೆಯೇ ಅಂತ ನೋಡಿಕೊಳ್ಳಿ. ಮುಕ್ಕಾಲು ಪಾಲು ಜನ ತಪ್ಪುವುದು ಇಲ್ಲೇ. ರೇಡಿಯನ್‌ನಲ್ಲಿದ್ದರೆ ಉತ್ತರ ಎಲ್ಲೋ ಹೋಗುತ್ತದೆ.

ಸೈನ್ 13.2 × ಸೈನ್ 37.6 = 0.139
ಕೋಸೈನ್ 13.2 × ಕೋಸೈನ್ 37.6 × ಕೋಸೈನ್ 159.9 = −0.724
ಎರಡನ್ನೂ ಕೂಡಿದರೆ −0.585
ಇದರ ವಿಲೋಮ ಕೋಸೈನ್ (cos⁻¹ ಬಟನ್) = 125.8 ಡಿಗ್ರಿ
125.8 × 111.2 = ಸುಮಾರು 13,990 ಕಿಲೋಮೀಟರ್

ಕೊನೆಯ 111.2 ಎಲ್ಲಿಂದ ಬಂತು? ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ ಅಷ್ಟು ಬೀಳುತ್ತದೆ. ಮೈಲಿಯಲ್ಲಿ ಬೇಕಾದರೆ 1.609ರಿಂದ ಭಾಗಿಸಿ. ಸುಮಾರು 8,700 ಮೈಲಿ. ಪೈಲಟ್‌ಗಳು ಲೆಕ್ಕ ಇಡುವುದು ನಾಟಿಕಲ್ ಮೈಲಿಯಲ್ಲಿ. ಅದಕ್ಕೆ 1.852ರಿಂದ ಭಾಗಿಸಬೇಕು, 7,550ರ ಸುಮಾರು ಬರುತ್ತದೆ. ಎಲ್ಲೋ 8,700, ಇನ್ನೆಲ್ಲೋ 7,550 ಅಂತ ಓದಿ ಗಾಬರಿಯಾಗಬೇಡಿ, ದೂರ ಅದೇ.

ಮೂರನೇ ಹೆಜ್ಜೆ: ವಿಮಾನ ನಿಜವಾಗಿ ಹೋಗುವ ದಾರಿ

ದಾರದ ಗೆರೆಯ ಮೇಲೇ ವಿಮಾನ ಹಾರುತ್ತದೆ ಅಂದುಕೊಳ್ಳಬೇಡಿ. ಟಿಬೆಟ್ ಪ್ರಸ್ಥಭೂಮಿಯನ್ನು ವಿಮಾನಗಳು ಆದಷ್ಟು ತಪ್ಪಿಸುತ್ತವೆ. ಅಲ್ಲಿ ನೆಲವೇ ಬಹಳ ಎತ್ತರ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಇಳಿದರೆ ಉಸಿರಾಡುವಷ್ಟು ಕೆಳಗೆ ಬೇಗ ಬರಲು ಜಾಗವೇ ಇರುವುದಿಲ್ಲ. ಎರಡನೆಯದು ಜಗಳ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ಕೆಳಗಿನವರ ಜಗಳಕ್ಕೆ ಮೇಲಿನವರು ಸುತ್ತು ಹಾಕಬೇಕು.

ಮೂರನೆಯದು ಗಾಳಿ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಬೆಂಗಳೂರಿನದ್ದೇ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರಿನ ನಡುವೆ ನಿಲ್ಲದ ವಿಮಾನ ಶುರು ಮಾಡಿತು. ಬೋಯಿಂಗ್ 777-200 ಎಲ್‌ಆರ್ ವಿಮಾನ. ಮೊದಲ ಹಾರಾಟದ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಅವರು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದರು. ದಾರ ಎಳೆದ ಗೆರೆ ಧ್ರುವ ಮುಟ್ಟುವುದಿಲ್ಲ, 71 ಡಿಗ್ರಿ ಉತ್ತರದ ಹತ್ತಿರವೇ ತಿರುಗಿಬಿಡುತ್ತದೆ. ಹಾಗಾದರೆ ಧ್ರುವದ ಮೇಲೆ ಹೋದದ್ದು ಸುತ್ತು ದಾರಿ ತಾನೇ? ಹೌದು. ಎಷ್ಟು ಸುತ್ತು ಅಂತ ಬೆರಳಲ್ಲೇ ಲೆಕ್ಕ ಹಾಕಬಹುದು. ಬೆಂಗಳೂರಿನಿಂದ ಧ್ರುವಕ್ಕೆ 90ರಲ್ಲಿ 13.2 ಕಳೆದರೆ 76.8 ಡಿಗ್ರಿ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 52.4. ಒಟ್ಟು 129.2 ಡಿಗ್ರಿ, ಅಂದರೆ 14,370 ಕಿಲೋಮೀಟರ್‌ನ ಆಸುಪಾಸು. ಜಾಸ್ತಿಯಾದದ್ದು ನಾನೂರಕ್ಕೂ ಕಡಿಮೆ. ಎದುರುಗಾಳಿ ತಪ್ಪುವುದಾದರೆ ಇಷ್ಟು ಸುತ್ತಿದರೂ ಲಾಭವೇ.

ನಿಲ್ಲದ ವಿಮಾನ ಈಗ ಇದೆಯೇ ಅನ್ನುವುದನ್ನು ನೀವು ಹೊರಡುವ ತಿಂಗಳಿಗೆ ನೋಡಿಕೊಳ್ಳಿ. ಇಷ್ಟು ಉದ್ದದ ಹಾರಾಟಗಳು ಬರುತ್ತವೆ, ನಿಲ್ಲುತ್ತವೆ. ಅಮೆರಿಕದ ಯುನೈಟೆಡ್ ಕೂಡ ಇದೇ ಮಾರ್ಗ ಘೋಷಿಸಿತ್ತು, ಒಂದು ವಿಮಾನವೂ ಹಾರಲಿಲ್ಲ. ಇನ್ನೊಂದು ಮಾತು, 'ಡೈರೆಕ್ಟ್' ಅಂದರೆ 'ನಾನ್‌ಸ್ಟಾಪ್' ಅಂತ ಅರ್ಥವಲ್ಲ. ನಡುವೆ ಇಳಿದು ಎಣ್ಣೆ ತುಂಬಿಸಿಕೊಂಡು ಅದೇ ನಂಬರ್‌ನಲ್ಲಿ ಮುಂದೆ ಹೋದರೂ ಅದು ಡೈರೆಕ್ಟೇ. ಟಿಕೆಟ್‌ನಲ್ಲಿ ನಾನ್‌ಸ್ಟಾಪ್ ಅನ್ನುವ ಪದವನ್ನೇ ಹುಡುಕಿ.

ನಡುವೆ ಒಂದು ಕಡೆ ಇಳಿದು ಹತ್ತುವುದಾದರೆ ಒಟ್ಟು ದೂರ ಹೀಗಾಗುತ್ತದೆ. ಇವು ನಾನೇ ಮೇಲಿನ ವಿಧಾನದಲ್ಲಿ ಹಾಕಿದ ಅಂದಾಜು.

ದೆಹಲಿ ಮೂಲಕ: 14,100 ಕಿ.ಮೀ.
ಟೋಕಿಯೋದ ನರಿತಾ ಮೂಲಕ: 14,900 ಕಿ.ಮೀ.
ದುಬೈ ಮೂಲಕ: 15,700 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 16,550 ಕಿ.ಮೀ.
ಸಿಂಗಾಪುರ ಮೂಲಕ: 16,800 ಕಿ.ಮೀ.

ದೆಹಲಿ ನೋಡಿ. ಸುತ್ತು ಅನ್ನಿಸುತ್ತದೆ, ಆದರೆ ಜಾಸ್ತಿಯಾಗುವುದು ನೂರು ಕಿಲೋಮೀಟರ್ ಮಾತ್ರ. ಹೇಗೂ ವಿಮಾನ ಉತ್ತರಕ್ಕೇ ಹೋಗಬೇಕಲ್ಲ.

ನಾಲ್ಕನೇ ಹೆಜ್ಜೆ: ಗಾಳಿಯಲ್ಲಿರುವ ಹೊತ್ತು

ದೊಡ್ಡ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಆದರೆ 900ರಿಂದ ಭಾಗಿಸಿದರೆ ಸಿಗುವ ಉತ್ತರ ಯಾವಾಗಲೂ ಕಡಿಮೆಯೇ. ಹತ್ತುವಾಗ ಇಳಿಯುವಾಗ ನಿಧಾನ, ದಾರಿ ಸ್ವಲ್ಪ ಸುತ್ತು, ನೆಲದ ಮೇಲೆ ಸಾಲಿನಲ್ಲಿ ಕಾಯುವುದು ಬೇರೆ. ನಾನು ಬಳಸುವ ಸೂತ್ರ ಸುಲಭ: ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ.

13,990 ಅನ್ನು 850ರಿಂದ ಭಾಗಿಸಿದರೆ ಹದಿನಾರೂವರೆ. ಅರ್ಧ ಸೇರಿದರೆ ಹದಿನೇಳು ಗಂಟೆ. ಬೆಂಗಳೂರು-ದೆಹಲಿ 1,700 ಕಿಲೋಮೀಟರ್, ಸೂತ್ರ ಎರಡೂವರೆ ಗಂಟೆ ಕೊಡುತ್ತದೆ, ವೇಳಾಪಟ್ಟಿಯಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಅಂದಾಜಿಗೆ ಇಷ್ಟು ಸಾಲದೇ?

ಇನ್ನು ಗಾಳಿ. ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ರಭಸ ಜಾಸ್ತಿ. ಪೂರ್ವಕ್ಕೆ ಹಾರುವ ವಿಮಾನವನ್ನು ತಳ್ಳುತ್ತದೆ, ಪಶ್ಚಿಮಕ್ಕೆ ಹಾರುವುದನ್ನು ತಡೆಯುತ್ತದೆ. ಹಾಗಾಗಿ ಸಿಂಗಾಪುರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದಕ್ಕಿಂತ ವಾಪಸ್ ಬರುವುದಕ್ಕೆ ಗಂಟೆಗೂ ಜಾಸ್ತಿ ಹೊತ್ತು ಬೇಕು. ಹೋಗುವ ಹೊತ್ತೇ ಬರುವ ಹೊತ್ತು ಅಂದುಕೊಂಡು ಮುಂದಿನ ರೈಲು ಬುಕ್ ಮಾಡಬೇಡಿ.

ಐದನೇ ಹೆಜ್ಜೆ: ಗಡಿಯಾರ ತಿರುಗಿಸುವುದು

ಎಲ್ಲರೂ ಎಡವುವ ಜಾಗ ಇದು, ನಾನೂ ಸೇರಿ. ಸ್ವಲ್ಪ ನಿಧಾನವಾಗಿ ಹೋಗೋಣ.

ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿದೆ. ಅವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್ ತಿಂಗಳ ಮೊದಲ ಭಾನುವಾರ ವಾಪಸ್ ಹಿಂದಕ್ಕೆ. ನಮ್ಮಲ್ಲಿ ಈ ಪದ್ಧತಿ ಇಲ್ಲದ್ದರಿಂದ ನೆನಪಿಟ್ಟುಕೊಳ್ಳಬೇಕಾದವರು ನಾವೇ.

ಹದಿಮೂರೂವರೆ ಕಳೆಯುವುದು ತಲೆನೋವಿನ ಕೆಲಸ. ನಮ್ಮ ಮನೆಯ ಉಪಾಯ ಹೀಗಿದೆ. ಬೇಸಿಗೆಯಾದರೆ ಅರ್ಧ ಗಂಟೆ ಕಳೆಯಿರಿ, ಚಳಿಗಾಲವಾದರೆ ಒಂದೂವರೆ ಗಂಟೆ ಕಳೆಯಿರಿ, ಆಮೇಲೆ ಬೆಳಗ್ಗೆಯನ್ನು ರಾತ್ರಿ ಮಾಡಿ, ರಾತ್ರಿಯನ್ನು ಬೆಳಗ್ಗೆ ಮಾಡಿ. ಮೈಸೂರಿನಲ್ಲಿ ಬೆಳಗ್ಗೆ ಒಂಬತ್ತೂವರೆ. ಜುಲೈ ಆದರೆ ಅಲ್ಲಿ ಹಿಂದಿನ ರಾತ್ರಿ ಒಂಬತ್ತು. ಜನವರಿ ಆದರೆ ಹಿಂದಿನ ರಾತ್ರಿ ಎಂಟು. ಅಷ್ಟೇ.

ಈಗ ಪ್ರಯಾಣಕ್ಕೆ ಬನ್ನಿ. ಒಂದೇ ನಿಯಮ: ಪೂರ್ತಿ ಲೆಕ್ಕವನ್ನು ಒಂದೇ ಊರಿನ ಗಡಿಯಾರದಲ್ಲಿ ಮಾಡಿ, ಕೊನೆಯಲ್ಲಿ ಒಂದೇ ಸಲ ಬದಲಾಯಿಸಿ. ಮೇ ತಿಂಗಳ ಸೋಮವಾರ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟರೆ ಹದಿನೇಳು ಗಂಟೆ ಕಳೆದಾಗ ಇಲ್ಲಿ ಮಂಗಳವಾರ ಬೆಳಗ್ಗೆ ಏಳು. ಅರ್ಧ ಗಂಟೆ ಕಳೆದು ತಿರುಗಿಸಿದರೆ ಅಲ್ಲಿ ಸೋಮವಾರ ಸಂಜೆ ಆರೂವರೆ. ಅಮ್ಮ ನಂಬದೇ ಹೋದ ಲೆಕ್ಕ ಇದೇ.

ಬರುವಾಗ ಉಲ್ಟಾ. ನವೆಂಬರ್ ಕೊನೆಯಲ್ಲಿ ಸೋಮವಾರ ರಾತ್ರಿ ಒಂಬತ್ತಕ್ಕೆ ಅಲ್ಲಿಂದ ಹೊರಟರೆ ಆಗ ಇಲ್ಲಿ ಮಂಗಳವಾರ ಬೆಳಗ್ಗೆ ಹತ್ತೂವರೆ. ಹದಿನೇಳೂವರೆ ಗಂಟೆ ಸೇರಿಸಿದರೆ ಬುಧವಾರ ನಸುಕಿನ ನಾಲ್ಕು. ಮಂಗಳವಾರ ಪೂರ್ತಿ ಆಕಾಶದಲ್ಲೇ ಮುಗಿದುಹೋಯಿತು! 2021ರ ಆ ಮೊದಲ ವಿಮಾನ ಕೂಡ ಜನವರಿ 9ರ ರಾತ್ರಿ ಹೊರಟು 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ಸೋಮವಾರ ರಾತ್ರಿ ಹೊರಟವರು ಮಂಗಳವಾರ ತಾನೇ ಬರಬೇಕು ಅಂದುಕೊಂಡು ನಾನು ಒಂದು ಸಲ ಪೂರ್ತಿ ಒಂದು ದಿನ ಮೊದಲೇ ಏರ್‌ಪೋರ್ಟ್‌ಗೆ ಹೋಗಿ ನಿಂತಿದ್ದೆ. ನಸುಕಿನಲ್ಲಿ ಎರಡು ಕಾಫಿ ಕುಡಿದು ಮೈಸೂರಿಗೆ ವಾಪಸ್ ಬಂದೆ. ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಚಿಕ್ಕದಾಗಿ +2 ಅಂತ ಇತ್ತು. ಏನೋ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಹೊರಟ ತಾರೀಕಿಗೆ ಎರಡು ದಿನ ಸೇರಿಸು ಅಂತ ಅದರ ಅರ್ಥ.

ಏಕಾದಶಿ, ಶ್ರಾದ್ಧ ಅಂತ ತಿಥಿ ನೋಡುವವರು ಮನೆಯಲ್ಲಿದ್ದರೆ ಹೀಗೆ ಕಳೆದುಹೋಗುವ ದಿನ ಯಾವುದು ಅಂತ ಟಿಕೆಟ್ ತೆಗೆಯುವ ಮೊದಲೇ ನೋಡಿ. ಆಮೇಲೆ ಕ್ಯಾಲೆಂಡರ್ ಹಿಡಿದು ವಾದ ಮಾಡುವುದಕ್ಕಿಂತ ಅದು ವಾಸಿ. ಹಾಗೆಯೇ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಗಡಿಯಾರ ಹನ್ನೆರಡು ಗಂಟೆ ತಿರುಗಿದಾಗ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ತಮ್ಮ ಡಾಕ್ಟರನ್ನೇ ಕೇಳಬೇಕು, ಪಕ್ಕದ ಮನೆಯವರನ್ನಲ್ಲ.

ಆರನೇ ಹೆಜ್ಜೆ: ಬಾಗಿಲಿಂದ ಬಾಗಿಲಿಗೆ

ಒಂದು ಕಾಗದ ತೆಗೆದುಕೊಂಡು ಬರೆಯಿರಿ. ಮೈಸೂರಿನಿಂದ ದೇವನಹಳ್ಳಿಗೆ ನಾಲ್ಕೂವರೆ ಗಂಟೆ. ಬೆಂಗಳೂರು ದಾಟುವ ಹೊತ್ತು ಆಫೀಸ್ ಸಮಯವಾದರೆ ಇನ್ನೊಂದು ಗಂಟೆ ಇಟ್ಟುಕೊಳ್ಳಿ. ವಿಮಾನ ಹೊರಡುವುದಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ವಿದೇಶಕ್ಕೆ ಹೋಗುವ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ದೆಹಲಿಗೋ ಮುಂಬೈಗೋ ಹೋಗಿ ಅಲ್ಲಿಂದ ಹತ್ತುವವರು ತಮ್ಮ ಟರ್ಮಿನಲ್ ಯಾವುದು ಅಂತ ಟಿಕೆಟ್‌ನಲ್ಲಿ ನೋಡಿಕೊಳ್ಳಲಿ. ಆಮೇಲೆ ಹಾರಾಟ ಹದಿನೇಳು. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಪೆಟ್ಟಿಗೆ, ಕಸ್ಟಮ್ಸ್ ಎಲ್ಲ ಸೇರಿ ಒಂದೂವರೆ. ಅಲ್ಲಿಂದ ಸನ್ನಿವೇಲ್‌ಗೆ ಸಂಜೆ ಟ್ರಾಫಿಕ್‌ನಲ್ಲಿ ಒಂದು ಗಂಟೆ. ಒಟ್ಟು 27 ಗಂಟೆ.

ಇದು ನಿಲ್ಲದ ವಿಮಾನದ ಲೆಕ್ಕ. ಫ್ರಾಂಕ್‌ಫರ್ಟ್ ಮೂಲಕವಾದರೆ ಹತ್ತು, ಹನ್ನೊಂದೂವರೆ, ನಡುವೆ ಕಾಯುವುದು ಮೂರು ಅಂತ ಹಿಡಿದರೂ 34 ದಾಟುತ್ತದೆ. ಆದರೂ ನಿಲ್ಲದ್ದೇ ಯಾವಾಗಲೂ ವಾಸಿ ಅಂತ ನಾನು ಹೇಳುವುದಿಲ್ಲ. ಮಂಡಿನೋವಿನವರಿಗೆ ಹದಿನೇಳು ಗಂಟೆ ಒಂದೇ ಸೀಟಿಗಿಂತ ನಡುವೆ ಇಳಿದು ನಾಲ್ಕು ಹೆಜ್ಜೆ ನಡೆದು ಕಾಲು ಚಾಚುವುದು ಎಷ್ಟೋ ಆರಾಮ. ಇಂಗ್ಲಿಷ್ ಬಾರದೆ ಒಬ್ಬರೇ ಹೋಗುವ ಹಿರಿಯರಿಗೆ ಮಾತ್ರ ನಿಲ್ಲದ್ದೇ ಸರಿ, ಇಲ್ಲವಾದರೆ ದೆಹಲಿ ಮೂಲಕ. ಯಾವುದಾದರೂ ಸರಿ, ವೀಲ್‌ಚೇರ್ ಬೇಕು ಅಂತ ಟಿಕೆಟ್ ತೆಗೆಯುವಾಗಲೇ ಬರೆಸಿ. ಕಾಲು ಗಟ್ಟಿಯಿದ್ದರೂ ಪರವಾಗಿಲ್ಲ, ದಾರಿ ತೋರಿಸಲು ಜೊತೆಗೊಬ್ಬರು ಸಿಗುತ್ತಾರೆ.

ನಡುವೆ ಕಾಯುವ ಹೊತ್ತು ಎರಡು ಗಂಟೆಗಿಂತ ಕಡಿಮೆ ಬೇಡ. ನಾನು ಮೂರು ನೋಡುತ್ತೇನೆ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಬೇರೆ ಟಿಕೆಟ್ ತೆಗೆದರೆ ಮೊದಲನೆಯದು ತಡವಾದಾಗ ಎರಡನೆಯವರು ನಿಮಗಾಗಿ ಏನೂ ಮಾಡಬೇಕಿಲ್ಲ. ನ್ಯೂಯಾರ್ಕ್‌ನಲ್ಲೋ ಷಿಕಾಗೋದಲ್ಲೋ ಇಳಿದು ಮುಂದೆ ಹೋಗುವವರು ಇನ್ನೂ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಇಮಿಗ್ರೇಷನ್ ಆಗುವುದು ಅಮೆರಿಕದಲ್ಲಿ ಕಾಲಿಟ್ಟ ಮೊದಲ ಊರಿನಲ್ಲೇ, ಸ್ಯಾನ್ ಫ್ರಾನ್ಸಿಸ್ಕೋದಲ್ಲಲ್ಲ. ಸಾಮಾನ್ಯವಾಗಿ ಪೆಟ್ಟಿಗೆಯನ್ನೂ ಅಲ್ಲೇ ಎತ್ತಿಕೊಂಡು ಮತ್ತೆ ಕೊಡಬೇಕು.

ಕೊನೆಯದಾಗಿ ಒಂದು ಚೀಟಿ

ಲೆಕ್ಕವೆಲ್ಲ ಮುಗಿದ ಮೇಲೆ ಅಂಗೈಯಗಲದ ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಹೊರಡುವ ವಾರ, ತಾರೀಕು, ಸಮಯ. ಇಳಿಯುವ ವಾರ, ತಾರೀಕು, ಅಲ್ಲಿನ ಸಮಯ. ಪಕ್ಕದಲ್ಲೇ ಇಲ್ಲಿನ ಸಮಯ. ಕರೆದುಕೊಂಡು ಹೋಗಲು ಬರುವವರ ಫೋನ್ ನಂಬರ್. ಇದೇ ಚೀಟಿಯ ಫೋಟೋ ಅಲ್ಲಿರುವವರಿಗೂ ಕಳಿಸಿ. ಎರಡು ಕಡೆಯವರೂ ಒಂದೇ ಲೆಕ್ಕ ನೋಡುತ್ತಿರುತ್ತಾರೆ, ನನ್ನ ಹಾಗೆ ಒಂದು ದಿನ ಮೊದಲೇ ಹೋಗಿ ನಿಲ್ಲುವುದಿಲ್ಲ.

ಅಮ್ಮ ಆ ಚೀಟಿ ಹಿಡಿದುಕೊಂಡು ಹೋದರು. ಕೈಗಡಿಯಾರವನ್ನು ಮಾತ್ರ ತಿರುಗಿಸಲಿಲ್ಲ. ಅಲ್ಲಿದ್ದಷ್ಟು ದಿನವೂ ಅದರಲ್ಲಿ ಮೈಸೂರಿನ ಸಮಯವೇ. ಅರ್ಧ ಗಂಟೆ ಕಳೆದು, ಹಗಲು ರಾತ್ರಿ ತಿರುಗಿಸಿ ಹೊತ್ತು ಹೇಳುತ್ತಿದ್ದರಂತೆ. ನವೆಂಬರ್ ಮೊದಲ ಭಾನುವಾರ ಬಂತು. ಗೋಡೆಯ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಅಮ್ಮ ತಮ್ಮ ಲೆಕ್ಕದ ಪ್ರಕಾರ ಏಳಕ್ಕೆ ಎಲ್ಲರನ್ನೂ ಎಬ್ಬಿಸಿ ಕಾಫಿ ಕೊಟ್ಟರು. ಆಗ ಅಲ್ಲಿ ಆರು ಗಂಟೆ, ಅದೂ ಭಾನುವಾರ.